ನಾಲ್ಕನೇ ತೊಲೆ

ಹೋದ ತಿಂಗಳು ನಾನು ಪಾಠ ಮಾಡುವ ಕುಣಿಗಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ನೀರಿನ ಟ್ಯಾಂಕು ಸೋರಲು ಶುರುವಾಯಿತು. ರಿಪೇರಿಗೆ ಬಂದವರು ಮೆಟ್ಟಿಲ ಪಕ್ಕದಲ್ಲೇ ಎರಡು ಡಬ್ಬಿ ತೆರೆದು ಎಪಾಕ್ಸಿ ಕಲಸುತ್ತಿದ್ದರು. ಎರಡು ಅಂಟುಗಳನ್ನು ಬೆರೆಸಿದರೆ ಕಲ್ಲಿನ ಹಾಗೆ ಗಟ್ಟಿಯಾಗುವ ಪದಾರ್ಥ ಅದು. ಅದರ ಘಾಟು ಮೂಗಿನ ಬುಡಕ್ಕೆ ಹೋಗಿ ಕೂತರೆ ಊಟ ಮಾಡಿದರೂ ಇಳಿಯುವುದಿಲ್ಲ. ಉಳಿದ ಉಪನ್ಯಾಸಕರು ಕರವಸ್ತ್ರ ಮುಚ್ಚಿಕೊಂಡು ದಾಟಿಹೋದರು. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ, ಮುಂದಿನ ಕ್ಲಾಸಿಗೆ ಹತ್ತು ನಿಮಿಷ ತಡವಾಗಿ ಹೋದೆ. ಆ ಹತ್ತು ನಿಮಿಷ ನಾನು ಇದ್ದದ್ದು ಗುಬ್ಬಿಯಲ್ಲಿ, ಒಂದು ಮಳೆಗಾಲದಲ್ಲಿ, ಜಯಮ್ಮನವರ ಪಕ್ಕದಲ್ಲಿ.

ಆಗ ನಾನು ಕೆಲಸದಿಂದ ಎರಡು ವರ್ಷ ಬಿಡುಗಡೆ ಪಡೆದು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್ ಓದುತ್ತಿದ್ದೆ. ವಯಸ್ಸು ಮೂವತ್ತೆಂಟು. ಜೊತೆಯಲ್ಲಿ ಕೂರುತ್ತಿದ್ದವರಲ್ಲಿ ಇಬ್ಬರು ಹಿಂದೆ ನನ್ನ ವಿದ್ಯಾರ್ಥಿಗಳೇ ಆಗಿದ್ದವರು. ಅವರಿಗೆ ನನ್ನನ್ನು ಮೇಡಂ ಅನ್ನಬೇಕೋ ಬೇಡವೋ ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ವಾರವೆಲ್ಲ ಕ್ಯಾತ್ಸಂದ್ರದ ಒಂದು ರೂಮಿನಲ್ಲಿ ಇದ್ದು, ಶನಿವಾರ ಸಂಜೆ ಕುಣಿಗಲ್ ಬಸ್ಸು ಹತ್ತುತ್ತಿದ್ದೆ. ಗಂಡ, ಏಳನೇ ಕ್ಲಾಸಿನ ಮಗಳು ಅಲ್ಲಿದ್ದರು. ಎರಡನೇ ವರ್ಷವಿಡೀ ಪ್ರಾಜೆಕ್ಟು. ಗಡುವಿನೊಳಗೆ ಮುಗಿಯದಿದ್ದರೆ ಬಿಡುಗಡೆ ಮುಂದುವರಿಸುವುದಿಲ್ಲ, ಡಿಗ್ರಿ ಇರಲಿ ಬಿಡಲಿ ಕೆಲಸಕ್ಕೆ ಹಾಜರಾಗತಕ್ಕದ್ದು ಎಂದು ಆದೇಶದಲ್ಲೇ ಬರೆದಿತ್ತು.

ನನ್ನ ಗೈಡು ಹಿರಿಯ ಪ್ರೊಫೆಸರು. ಇಡೀ ಡಿಪಾರ್ಟ್‌ಮೆಂಟು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅವರು ಕೊಟ್ಟ ವಿಷಯ ಕೇಳುವುದಕ್ಕೆ ಸರಳವಾಗಿತ್ತು. ಕಾಂಕ್ರೀಟು ತೊಲೆಯೊಳಗೆ ಸಾಮಾನ್ಯವಾಗಿ ಉಕ್ಕಿನ ತಂತಿಗಳನ್ನು ಮೊದಲೇ ಜಗ್ಗಿ ಎಳೆದು ಹಿಡಿದು, ಸುತ್ತ ಕಾಂಕ್ರೀಟು ಸುರಿದು, ಅದು ಗಟ್ಟಿಯಾದ ಮೇಲೆ ತಂತಿಯನ್ನು ಬಿಡುತ್ತಾರೆ. ತಂತಿ ಕುಗ್ಗಲು ಹೋಗಿ ಕಾಂಕ್ರೀಟನ್ನು ಎರಡೂ ತುದಿಯಿಂದ ಅದುಮಿ ಹಿಡಿಯುತ್ತದೆ. ಹಾಗೆ ಅದುಮಿಸಿಕೊಂಡ ತೊಲೆ ಬೇಗ ಬಿರುಕು ಬಿಡುವುದಿಲ್ಲ. ಆದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತುಕ್ಕೇ ಹಿಡಿಯದ ಕಾರ್ಬನ್ ನಾರಿನ ಸರಳನ್ನು ಉಕ್ಕಿನ ಬದಲು ಎಳೆದು ಹಾಕಿದರೆ ಆ ತೊಲೆ ಹೇಗೆ ಬಾಗುತ್ತದೆ, ಹೇಗೆ ಮುರಿಯುತ್ತದೆ, ಅದನ್ನು ನೋಡಿ ಬರೆಯಬೇಕಿತ್ತು. ಎರಡು ಉಕ್ಕಿನ ತೊಲೆ, ನಾಲ್ಕು ನಾರಿನ ತೊಲೆ. ಪ್ರತಿ ತೊಲೆಗೂ ಎರಡು ಸರಳು.

ಕರೀ ಬಣ್ಣದ ಆ ಸರಳುಗಳನ್ನು ಒಂದು ಕಂಪನಿಯವರು ಮಾದರಿಯಾಗಿ ಮೇಷ್ಟ್ರಿಗೆ ಕಳಿಸಿದ್ದರು. ಹನ್ನೆರಡೇ ಇದ್ದವು. ಬೇಕಾದದ್ದು ಎಂಟು. ಕಿರುಬೆರಳಿನಷ್ಟು ದಪ್ಪ, ಎರಡಾಳು ಉದ್ದ, ಆದರೂ ಹನ್ನೆರಡನ್ನೂ ಕಟ್ಟಿ ನಾನೊಬ್ಬಳೇ ಭುಜದ ಮೇಲೆ ಹೊತ್ತು ಲ್ಯಾಬಿಗೆ ತಂದೆ. ಇನ್ನೊಂದು ಕಂತು ಕೇಳಬೇಡಿ ಎಂದು ಕಂಪನಿಯವರು ಮೊದಲೇ ಹೇಳಿದ್ದರು.

ಕಾಲೇಜಿನಲ್ಲಿ ತೊಲೆ ಮುರಿದು ನೋಡುವ ಯಂತ್ರವಿತ್ತು, ಸರಳನ್ನು ಎರಡೂ ತುದಿಯಲ್ಲಿ ಎಳೆದು ಹಿಡಿದು ಕಾಂಕ್ರೀಟು ಎರೆಯುವ ಉದ್ದನೆಯ ಕಟ್ಟೆ, ಅಂದರೆ ಹಾಸು, ಇರಲಿಲ್ಲ. ಗುಬ್ಬಿಯ ಹೊರಗೆ ಕರೆಂಟು ಕಂಬ ಎರೆಯುವ ಒಂದು ಯಾರ್ಡು ಇದೆ, ಮಳೆಗಾಲದಲ್ಲಿ ಅಲ್ಲಿ ಕೆಲಸ ಸಡಿಲ, ಕೊನೆಯ ಹಾಸನ್ನು ಬಿಟ್ಟುಕೊಡಲು ಮಾಲೀಕರು ಒಪ್ಪಿದ್ದಾರೆ ಎಂದು ಮೇಷ್ಟ್ರು ಹೇಳಿದರು. ಅಲ್ಲಿ ಹೋಗಿ ಜಯಮ್ಮ ಅನ್ನುವವರನ್ನು ನೋಡು ಎಂದರು. ನಾನು ಆಫೀಸಿನ ಗುಮಾಸ್ತೆ ಇರಬೇಕು ಅಂದುಕೊಂಡೆ.

ಆ ಆಗಸ್ಟಿನಲ್ಲಿ ಕ್ಯಾತ್ಸಂದ್ರದಿಂದ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಗುಬ್ಬಿಗೆ ಹೋಗುವುದು ನನ್ನ ದಿನಚರಿಯಾಯಿತು. ಕೈಯಲ್ಲಿ ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡ ತಟ್ಟೆ ಇಡ್ಲಿ, ಚೀಲದಲ್ಲಿ ಅರ್ಧ ಓದಿದ ಲೇಖನಗಳು. ಕಿಟಕಿಯಾಚೆ ತೆಂಗಿನ ತೋಟಗಳ ನಡುನಡುವೆ ರಾಗಿ ಹೊಲ, ಹೊಲದ ಬದುವಿನಲ್ಲಿ ನೀರು ನಿಂತಿರುತ್ತಿತ್ತು. ಸಂತೆ ದಿನವಾದರೆ ಕೊಬ್ಬರಿ ಮೂಟೆಗಳ ಮೇಲೇ ಕೂರಬೇಕಾಗುತ್ತಿತ್ತು.

ಜಯಮ್ಮ ಗುಮಾಸ್ತೆ ಆಗಿರಲಿಲ್ಲ. ಐವತ್ತು ದಾಟಿದ ಹೆಂಗಸು, ಸೀರೆಯ ಮೇಲೊಂದು ಗಂಡಸರ ಅಂಗಿ, ಕಾಲಿಗೆ ರಬ್ಬರ್ ಬೂಟು. ಸಿ.ಎಸ್. ಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಜಲ್ಲಿ ಹೊರಲು ಬಂದವರು ಈಗ ತಂತಿ ಎಳೆಯುವ ಕೆಲಸಕ್ಕೆಲ್ಲ ಮೇಲ್ವಿಚಾರಕಿ. ಓದಿದ್ದು ಏಳನೇ ಕ್ಲಾಸು. ಯಾರ್ಡಿನ ಗಂಡಾಳುಗಳು ಜ್ಯಾಕಿನ ಹಿಡಿ ಮುಟ್ಟುವ ಮೊದಲು ಅವರ ಮುಖ ನೋಡುತ್ತಿದ್ದರು. ಬಿಗಿತ ಎಷ್ಟಾಗಿದೆ ಎಂದು ಅವರು ಮೀಟರು ನೋಡಿ ಹೇಳುತ್ತಿದ್ದರು, ಆದರೆ ಅದಕ್ಕೆ ಮೊದಲು ತಂತಿಯನ್ನು ಒಂದು ಮೊಳೆಯಿಂದ ತಟ್ಟಿ ಕೇಳಿಸಿಕೊಳ್ಳುತ್ತಿದ್ದರು. ಎರಡೂ ಹೊಂದದಿದ್ದ ದಿನ ಮೀಟರನ್ನೇ ಬದಲಾಯಿಸಿದ್ದನ್ನು ನಾನು ಕಂಡಿದ್ದೇನೆ.

ನಾನು ಬಂದ ಮೊದಲ ದಿನ, ಈ ಬಿಗಿತದ ಲೆಕ್ಕ ನನಗೆ ಗೊತ್ತಿದೆಯೋ ಇಲ್ಲವೋ ಎಂದು ಅವರಿಗೆ ಅನುಮಾನವಿತ್ತು ಅನ್ನಿಸುತ್ತದೆ. ಸಾಲಾಗಿ ಇಟ್ಟ ಆರು ಇಟ್ಟಿಗೆಗಳನ್ನು ಎರಡೂ ತುದಿಯಲ್ಲಿ ಅಂಗೈಯಿಂದ ಅದುಮಿ, ಆರನ್ನೂ ಒಟ್ಟಿಗೆ ಹಲಗೆಯ ಹಾಗೆ ಎತ್ತಿ ತೋರಿಸಿದರು. ಮಧ್ಯದ ಇಟ್ಟಿಗೆಗೆ ಕೆಳಗೆ ಏನೂ ಆಧಾರವಿಲ್ಲ, ಆದರೂ ಬೀಳಲಿಲ್ಲ. ನಾನು ಹದಿನಾಲ್ಕು ವರ್ಷ ಪಾಠ ಮಾಡಿದವಳು. ಇದನ್ನು ಕ್ಲಾಸಿನಲ್ಲಿ ಮಾಡಿ ತೋರಿಸಬಹುದಿತ್ತು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ನನ್ನ ಕರೀ ಸರಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಇದು ಪ್ಲಾಸ್ಟಿಕ್ ಅಲ್ಲವೇ ಎಂದರು. ಉಕ್ಕಿಗಿಂತ ಹೆಚ್ಚು ಜಗ್ಗಿದರೂ ತಡೆಯುತ್ತದೆ ಎಂದೆ. ಅವರು ನಂಬಲಿಲ್ಲ, ಬೇಡ ಅನ್ನಲೂ ಇಲ್ಲ.

ಮೊದಲ ಸಲ ಎಳೆದದ್ದು ಯಾರ್ಡಿನ ಮಾಮೂಲಿ ಹಿಡಿಕೆಗಳಿಂದಲೇ. ಉಕ್ಕಿನ ತಂತಿಯನ್ನು ಹಿಡಿಯಲು ಹಲ್ಲುಗಳಿರುವ ಬೆಣೆ ಇರುತ್ತದೆ. ಜಗ್ಗಿದಷ್ಟೂ ಹಲ್ಲು ಕಚ್ಚಿಕೊಳ್ಳುತ್ತದೆ. ಜ್ಯಾಕು ಶುರು ಮಾಡುವ ಮೊದಲು ಜಯಮ್ಮ ಹಾಸಿನ ಎರಡೂ ತುದಿಯಲ್ಲಿ ಮರಳುಮೂಟೆ ಪೇರಿಸಿ, ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ನಾವು ಬೇಕಾದಷ್ಟರಲ್ಲಿ ಮೂರನೇ ಒಂದು ಭಾಗಕ್ಕೂ ಹೋಗಿರಲಿಲ್ಲ, ಸರಳು ಬೆಣೆಯೊಳಗೆ ಪುಡಿಯಾಗಿ ಪೊರಕೆಯ ಹಾಗೆ ಸಿಡಿದು ಬಿಚ್ಚಿಕೊಂಡಿತು. ಒಂದು ಚೂರು ಮರಳುಮೂಟೆಯನ್ನು ಸೀಳಿಕೊಂಡು ಒಳಗೆ ಹೋಗಿತ್ತು. ಆ ಮೂಟೆ ಇಡುವ ಮೊದಲು ಅದೇ ಜಾಗದಲ್ಲಿ ನಾನು ನೋಟ್‌ಬುಕ್ ಹಿಡಿದು ನಿಂತಿದ್ದೆ.

ಈ ಸರಳಿನ ಗುಣವೇ ಹಾಗೆ. ಉದ್ದಕ್ಕೆ ಎಷ್ಟು ಗಟ್ಟಿಯೋ, ಅಡ್ಡಕ್ಕೆ ಕಚ್ಚಿದರೆ ಅಷ್ಟೇ ಮೆದು. ಮೇಷ್ಟ್ರ ಸಲಹೆಯಂತೆ ಬೆಣೆಗೂ ಸರಳಿಗೂ ನಡುವೆ ತಾಮ್ರದ ತಗಡು ಸುತ್ತಿ ಇನ್ನೊಮ್ಮೆ ಎಳೆದೆವು. ಈ ಸಲ ಪುಡಿಯಾಗಲಿಲ್ಲ, ಜಾರಿತು. ಜಾರುವಾಗ ಮೇಲ್ಮೈ ತರಚಿಹೋಗಿ ಸರಳು ಕೆಲಸಕ್ಕೆ ಬಾರದಾಯಿತು. ಹತ್ತು ಉಳಿದವು. ಮೇಷ್ಟ್ರು ಬೇಸರ ತೋರಿಸದೆ, ವಿಷಯ ಬದಲಾಯಿಸುವುದಾದರೆ ಈಗಲೇ ಬದಲಾಯಿಸಬೇಕು, ಒಂದು ವಾರದಲ್ಲಿ ಯೋಚಿಸಿ ಹೇಳು ಎಂದರು. ಆ ಶನಿವಾರ ಕುಣಿಗಲ್ ಬಸ್ಸಿನಲ್ಲಿ ಕೂತು, ಡಿಗ್ರಿಯಿಲ್ಲದೆ ವಾಪಸ್ ಹೋದರೆ ಸ್ಟಾಫ್ ರೂಮಿನಲ್ಲಿ ಯಾರ್ಯಾರು ಏನೇನು ಹೇಳಬಹುದು ಎಂದು ಒಬ್ಬೊಬ್ಬರ ಮಾತನ್ನೂ ನಾನೇ ಹೆಣೆದುಕೊಂಡೆ.

ಸೋಮವಾರ ನಾನು ಯಾರ್ಡಿಗೆ ಹೋದಾಗ ಜಯಮ್ಮ ತೆಂಗಿನಕಾಯಿ ಕೆಡವುವ ಒಂದು ಹಳೇ ಮಚ್ಚು ತಂದಿದ್ದರು. ಅದರ ಮರದ ಹಿಡಿ ತೆಗೆದು ಒಳಗಿನ ತೂತು ತೋರಿಸಿದರು. ಕಬ್ಬಿಣದ ಮೊನೆಯನ್ನು ಹಿಡಿಗೆ ಸೇರಿಸುವಾಗ ಅವರ ಊರಿನಲ್ಲಿ ಮೊಳೆ ಹೊಡೆಯುವುದಿಲ್ಲ, ಅರಗು ಕಾಯಿಸಿ ತುಂಬುತ್ತಾರೆ.

"ಮೊಳೆ ಹೊಡದ್ರೆ ಒಂದೇ ಕಡೆ ಭಾರ ಬೀಳ್ತದೆ, ಮರ ಸೀಳ್ಕೊಳ್ತದೆ. ಅರಗು ಉದ್ದುಕ್ಕೂ ಹಿಡ್ಕೊಂಡಿರ್ತದೆ" ಅಂದರು. "ನಿಮ್ಮ ಸರಳ್ನ ಕಚ್ಚಬ್ಯಾಡಿ ಮೇಡಂ. ಅಪ್ಪಿ ಹಿಡೀರಿ."

ನನ್ನ ಚೀಲದಲ್ಲಿದ್ದ ಲೇಖನಗಳಲ್ಲಿ ಎರಡರಲ್ಲಿ ಇದೇ ಉಪಾಯ ಇತ್ತು. ಸರಳಿನ ತುದಿಯನ್ನು ಉಕ್ಕಿನ ಕೊಳವೆಯೊಳಗೆ ಇಟ್ಟು, ಸುತ್ತ ಅಂಟು ತುಂಬಿ, ಕೊಳವೆಯನ್ನು ಹಿಡಿದು ಎಳೆಯುವುದು. ನಾನು ಅದನ್ನು ಒಂದು ವಾಕ್ಯವಾಗಿ ಓದಿ ಮುಂದೆ ಹೋಗಿದ್ದೆ. ಕೊಳವೆ ಎಷ್ಟುದ್ದ ಇರಬೇಕು, ಸರಳು ಸರಿಯಾಗಿ ನಡುವಿನಲ್ಲೇ ನಿಲ್ಲುವ ಹಾಗೆ ಹಿಡಿಯುವುದು ಹೇಗೆ, ಮಳೆಯ ಥಂಡಿಯಲ್ಲಿ ಅಂಟು ಒಣಗುವುದು ಹೇಗೆ, ಇದನ್ನೆಲ್ಲ ಆ ವಾಕ್ಯ ಹೇಳಿರಲಿಲ್ಲ. ಅದನ್ನೆಲ್ಲ ಕಂಡುಕೊಂಡದ್ದು ಜಯಮ್ಮ, ಹದಿನೈದು ದಿನಗಳಲ್ಲಿ, ತಮ್ಮ ಕಂಬದ ಕೆಲಸದ ನಡುನಡುವೆ.

ಗುಬ್ಬಿಯ ಒಂದು ಲೇತ್ ಅಂಗಡಿಯಲ್ಲಿ ಕೊಳವೆಗಳಿಗೆ ಒಳಗೂ ಹೊರಗೂ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕೊರೆಸಿದೆವು. ಒಳಗಿನ ಮರೆ ಅಂಟಿಗೆ ಹಿಡಿತ ಕೊಡಲು, ಹೊರಗಿನದು ನಟ್ಟು ಬಿಗಿಯಲು. ಸರಳು ನಡುವಿನಲ್ಲಿ ನಿಲ್ಲಲಿ ಎಂದು ಜಯಮ್ಮ ಸವೆದ ಹವಾಯಿ ಚಪ್ಪಲಿಗಳ ರಬ್ಬರಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಕಾದ ಮೊಳೆಯಿಂದ ನಡುವೆ ತೂತು ಮಾಡಿದರು. ಎಪಾಕ್ಸಿಗೆ ಬರೀ ಅಂಟು ಸಾಲದೆಂದು ಹುರಿದು ಜರಡಿ ಹಿಡಿದ ಮರಳು ಬೆರೆಸಿದರು. ಮೊದಲು ಒಂದು ಅಡಿ ಉದ್ದದ ಕೊಳವೆಯಲ್ಲಿ ಮಾಡಿದ್ದು ಅರ್ಧ ಬಿಗಿತಕ್ಕೇ ಜಾರಿತು. ಒಂಬತ್ತು ಉಳಿದವು. ಎರಡು ಅಡಿಗೆ ಹೋದೆವು. ಥಂಡಿಗೆ ಅಂಟು ಕಟ್ಟಿಕೊಳ್ಳುವುದು ನಿಧಾನವಾದಾಗ, ಕೋಳಿಮರಿಗೆ ಬಿಸಿ ಕೊಡುವ ಹಾಗೆ ಗೋಣಿಚೀಲದ ಗೂಡು ಮಾಡಿ ಒಳಗೆ ಬಲ್ಬು ಇಳಿಬಿಟ್ಟರು. ಮೂರು ದಿನ ಮುಟ್ಟಬಾರದು ಎಂಬುದು ಅವರ ನಿಯಮ. ಆ ಗೋಣಿಯ ಗೂಡಿನಿಂದ ಬರುತ್ತಿದ್ದ ಘಾಟು ನನ್ನ ಎರಡು ಸೀರೆಗಳಿಂದ ಕೊನೆಗೂ ಹೋಗಲಿಲ್ಲ.

ಎರಡಡಿಯ ಕೊಳವೆ ಹಿಡಿಯಿತು. ಮೊದಲ ನಾರಿನ ತೊಲೆಗೆ ಎರಡು ಸರಳನ್ನೂ ಬೇಕಾದ ಬಿಗಿತಕ್ಕೆ ಎಳೆದು ನಿಲ್ಲಿಸಿದಾಗ ಜಯಮ್ಮ ಮೊಳೆಯಿಂದ ತಟ್ಟಿ ನೋಡಿದರು, ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಉಕ್ಕು ಹೋಗುವ ಮುಂಚೆ ನರಳುತ್ತದೆ, ಇದು ಮಾತೇ ಆಡುವುದಿಲ್ಲ, ಆದ್ದರಿಂದ ಇದರ ಶಕ್ತಿಯ ಅರ್ಧಕ್ಕಿಂತ ಮೇಲೆ ಎಳೆಯುವುದು ಬೇಡ ಎಂದರು. ನನ್ನ ಲೆಕ್ಕದಲ್ಲೂ ಸುಮಾರು ಅಷ್ಟೇ ಇತ್ತು.

ನಂಬರು ಒಂದು ಮತ್ತು ಎರಡು ಉಕ್ಕಿನವು, ಮೂರರಿಂದ ಆರರವರೆಗೆ ನಾರಿನವು. ಯಾರ್ಡಿನಲ್ಲಿ ಉಕ್ಕಿನ ತಂತಿಯನ್ನು ಗ್ಯಾಸಿನ ಉರಿಯಿಂದ ಕತ್ತರಿಸಿ ಬಿಡುತ್ತಾರೆ. ಉರಿ ತಾಗಿದರೆ ನನ್ನ ಸರಳಿನ ನಾರುಗಳನ್ನು ಹಿಡಿದಿರುವ ಅಂಟು ಸುಟ್ಟುಹೋಗುತ್ತದೆ ಎಂದು ಹೇಳಿದ್ದೆ. ಹಾಗಾಗಿ ಮೂರನೆಯದು ಗಟ್ಟಿಯಾದ ಮೇಲೆ ಜಯಮ್ಮ ನಟ್ಟನ್ನು ಕಾಲು ಸುತ್ತು, ಕಾಲು ಸುತ್ತು ಸಡಿಲಿಸುತ್ತ ಒಂದು ಮಧ್ಯಾಹ್ನವೆಲ್ಲ ಕೂತರು. ಆಮೇಲೆ ಗರಗಸದಿಂದ ತುದಿ ಕೊಯ್ದರು. ತೊಲೆಯ ಪಕ್ಕಕ್ಕೆ ನೂಲು ಹಿಡಿದು ನೋಡಿದರೆ ನಡುವಿನಲ್ಲಿ ಅದು ಒಂದೆರಡು ಕಾಗದದಷ್ಟು ಮೇಲಕ್ಕೆ ಉಬ್ಬಿತ್ತು. ಬಿಗಿತ ಒಳಗೆ ಇದೆ ಎಂಬುದಕ್ಕೆ ಅದೇ ಸಾಕ್ಷಿ. ನನಗೆ ಯಾಕೋ ಕಣ್ಣಲ್ಲಿ ನೀರು ಬಂತು. ಜಯಮ್ಮ ಅದನ್ನು ನೋಡದವರಂತೆ ಹುರುಳಿಕಾಳಿನ ಸಾರು, ಮುದ್ದೆಯ ಡಬ್ಬಿ ಬಿಚ್ಚಿ ಅರ್ಧ ನನ್ನ ಕಡೆ ತಳ್ಳಿದರು.

ನಾಲ್ಕನೇ ತೊಲೆಯ ಹೊತ್ತಿಗೆ ಸೆಪ್ಟೆಂಬರಿನ ಮಳೆ ಜೋರಾಯಿತು. ಎರಡು ಸಲ ಕೆಲಸ ನಿಂತಿತು. ಕಾಲೇಜಿನಲ್ಲಿ ಯಂತ್ರಕ್ಕೆ ನನಗೆ ಕೊಟ್ಟಿದ್ದ ವಾರಗಳು ಹತ್ತಿರ ಬರುತ್ತಿದ್ದವು. ಕೊಳವೆಗೆ ಅಂಟು ತುಂಬಿ ಎರಡು ದಿನವಾಗಿತ್ತು. ಇವತ್ತೇ ಎಳೆದುಬಿಡೋಣ ಎಂದು ನಾನು ಹೇಳಿದೆ. ಮೂರನೇ ದಿನ ಆಗಲಿ ಎಂದು ಜಯಮ್ಮ ಎರಡು ಸಲ ಹೇಳಿದರು. ಬಲ್ಬಿನ ಬಿಸಿಯಿದೆ, ಮುಟ್ಟಿದರೆ ಕಲ್ಲಿನ ಹಾಗಿದೆ, ಇಷ್ಟು ಸಾಕು ಎಂದು ನಾನು ವಾದ ಮಾಡಿದೆ. ಓದಿದವಳು ನಾನು ಎಂಬ ಧಾಟಿ ಅದರಲ್ಲಿ ಇತ್ತೆಂದು ಈಗ ಗೊತ್ತಾಗುತ್ತದೆ. ಅವರು ಜ್ಯಾಕಿನ ಕಡೆ ಹೋದರು. ಎಳೆದೆವು, ಕಾಂಕ್ರೀಟು ಸುರಿದೆವು, ಟಾರ್ಪಾಲು ಹೊದಿಸಿ ಸಂಜೆಯ ರೈಲಿಗೆ ನಾನು ಹೊರಟೆ.

ಮರುದಿನ ನಾನು ಹೋದಾಗ ಜಯಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ನೇರವಾಗಿ ಹಾಸಿನ ತುದಿಗೆ ಕರೆದುಕೊಂಡು ಹೋದರು. ಪ್ರತಿ ಸರಳೂ ಕೊಳವೆಯಿಂದ ಹೊರಬರುವ ಜಾಗದಲ್ಲಿ ಅವರು ಕೆಂಪು ಪೇಂಟಿನಿಂದ ಒಂದು ಗೆರೆ ಎಳೆದಿಡುತ್ತಿದ್ದರು. ಎಡಗಡೆಯ ಸರಳಿನ ಗೆರೆ ಕೊಳವೆಯ ಬಾಯಿಂದ ಅರ್ಧ ಬೆರಳಿನಷ್ಟು ಆಚೆ ಬಂದಿತ್ತು. ಕಾಂಕ್ರೀಟು ಇನ್ನೂ ಹಸಿಯಿದ್ದಾಗಲೇ ಸರಳು ಕೊಳವೆಯಿಂದ ತೊಲೆಯ ಕಡೆಗೆ ಜಾರಿತ್ತು. ಅದರ ಬಿಗಿತದಲ್ಲಿ ದೊಡ್ಡ ಪಾಲು ಹೋಗಿತ್ತು. ಕಾಂಕ್ರೀಟು ಈಗ ಕಟ್ಟಿಕೊಂಡಿದ್ದರಿಂದ ಮತ್ತೆ ಎಳೆಯುವಂತಿರಲಿಲ್ಲ. ಉಳಿದಿದ್ದ ಐದು ಸರಳುಗಳಲ್ಲಿ ನಾಲ್ಕು ಐದನೇ, ಆರನೇ ತೊಲೆಗಳಿಗೆ ಬೇಕು. ಇನ್ನೊಂದು ತೊಲೆ ಎರೆಯಲು ಒಂದು ಸರಳು ಸಾಲದು.

ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವುದಕ್ಕೂ ಮುಜುಗರವಾಗುತ್ತದೆ. ಹೊರಗಿನಿಂದ ನೋಡಿದರೆ ಈ ತೊಲೆಗೂ ಮೂರನೇದಕ್ಕೂ ವ್ಯತ್ಯಾಸವಿಲ್ಲ, ತುದಿ ಕೊಯ್ದ ಮೇಲೆ ಗೆರೆಯೂ ಇರುವುದಿಲ್ಲ, ಇದು ನಮ್ಮಿಬ್ಬರಿಗೇ ಗೊತ್ತು, ಬರೆಯದಿದ್ದರೆ ಆಯಿತು ಎಂದೆ.

ಜಯಮ್ಮ ಪಕ್ಕದ ಹಾಸಿನ ಕಟ್ಟೆಯ ಮೇಲೆ ಕೂತರು. ಇಲ್ಲಿಗೆ ಬರುವ ಮೊದಲು ಅವರು ಇನ್ನೊಂದು ಕಡೆ, ಈಗ ಮುಚ್ಚಿಹೋಗಿರುವ ಒಂದು ಚಿಕ್ಕ ಯಾರ್ಡಿನಲ್ಲಿ ಕೂಲಿ ಮಾಡುತ್ತಿದ್ದರಂತೆ. ಅಲ್ಲಿ ಒಂದು ಕಂಬದಲ್ಲಿ ತಂತಿ ಹೀಗೇ ಜಾರಿದ್ದನ್ನು ಅವರು ಕಂಡಿದ್ದರು. ಮೇಸ್ತ್ರಿ ಅದರ ಮೇಲೆ ಸಿಮೆಂಟು ಹಾಲು ಬಳಿದು ಬೇರೆ ಕಂಬಗಳ ಜೊತೆ ಕಳಿಸಿದ. ಇವರು ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಎರಡು ತಿಂಗಳ ಮೇಲೆ, ತಂತಿ ಕಟ್ಟಲು ಹತ್ತಿದ ಲೈನ್‌ಮನ್ ಕಂಬದ ಜೊತೆಗೇ ಕೆಳಗೆ ಬಂದ. ಜೀವ ಉಳಿಯಿತು, ಸೊಂಟ ಮುರಿಯಿತು. ಪಕ್ಕದ ಊರಿನವನೇ. ಅವನು ಕೋಲೂರಿಕೊಂಡು ಬಸ್ಸಿಗೆ ಹತ್ತುವಾಗ ಈಗಲೂ ಕಂಡಕ್ಟರ್ ಕೈಕೊಡುತ್ತಾನೆ, ಅದೇ ಬಸ್ಸಿನಲ್ಲಿ ಇವರೂ ಬರುತ್ತಾರೆ.

ಇಷ್ಟನ್ನೂ ಏರುದನಿಯಿಲ್ಲದೆ ಹೇಳಿ, ಎದ್ದು ನಿಂತು ಹೇಳಿದರು: "ನೀವು ಅವಸರ ಮಾಡಿದ್ರಿ ಅಂತ ನಾನು ಒಪ್ಪಬಾರ್ದಾಗಿತ್ತು. ತಪ್ಪು ಇಬ್ರದೂ ಐತೆ. ಆದ್ರೆ ಜಾರಿದ್ನ ಜಾರಿಲ್ಲ ಅನ್ನಾಕೆ ನನ್ನ ಕೈಲಿ ಆಗಕಿಲ್ಲ ಮೇಡಂ. ಬರೀರಿ."

ನಾನು ಏನೂ ಹೇಳುವ ಮೊದಲೇ ಸೀಮೆಸುಣ್ಣ ತೆಗೆದು, ಅಚ್ಚಿನ ಪಕ್ಕಕ್ಕೆ ಸ್ವಲ್ಪ ಸೊಟ್ಟಗಿನ ಅಕ್ಷರದಲ್ಲಿ 'ಎಡ ಸರಳು ಜಾರಿದೆ' ಎಂದು ಬರೆದರು. ತೊಲೆ ಅಚ್ಚಿನಿಂದ ಹೊರಬಂದ ದಿನ ಅದನ್ನೇ ತೊಲೆಯ ಮೇಲೆ ಪೇಂಟಿನಲ್ಲಿ ಬರೆದರು.

ಅಂದು ಮಧ್ಯಾಹ್ನವೇ ತುಮಕೂರಿಗೆ ಹೋಗಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ, ನಾನು ಮುಚ್ಚಿಡೋಣ ಅಂದದ್ದನ್ನೂ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ತೊಲೆಯನ್ನೂ ಉಳಿದವುಗಳ ಹಾಗೆಯೇ ಪರೀಕ್ಷೆ ಮಾಡು, ಎಷ್ಟು ಜಾರಿದೆ ಎಂದು ಅಳೆದಿದ್ದೀಯಲ್ಲ, ಅದನ್ನು ಲೆಕ್ಕಕ್ಕೆ ಸೇರಿಸು, ಬಿಗಿತ ಕಳೆದುಕೊಂಡ ತೊಲೆ ಹೇಗಿರುತ್ತದೆ ಎಂದು ನಮಗೆ ಗೊತ್ತಾಗುತ್ತದೆ ಎಂದರು. ಬಾಗಿಲು ದಾಟುವಾಗ ಹಿಂದಿನಿಂದ, ಪರೀಕ್ಷೆಯ ದಿನ ಆ ಯಮ್ಮನನ್ನೂ ಕರೆದುಕೊಂಡು ಬಾ ಎಂದರು.

ಐದನೇ, ಆರನೇ ತೊಲೆಗಳ ಕೊಳವೆಗಳನ್ನು ನಾಲ್ಕು ದಿನ ಬಿಟ್ಟೆವು. ಯಾರೂ ಅವಸರ ಮಾಡಲಿಲ್ಲ. ಹುಚ್ಚೆಳ್ಳಿನ ಹೊಲಗಳು ರೈಲಿನ ಎರಡೂ ಕಡೆ ಹಳದಿಯಾಗುವ ಹೊತ್ತಿಗೆ ಆರೂ ತೊಲೆಗಳು ಲಾರಿಯಲ್ಲಿ ತುಮಕೂರಿಗೆ ಬಂದವು.

ಜಯಮ್ಮ ಕಾಲೇಜಿಗೆ ಬಂದದ್ದು ಇಸ್ತ್ರಿ ಮಾಡಿದ ಸೀರೆಯಲ್ಲಿ. ರಬ್ಬರ್ ಬೂಟಿಲ್ಲದೆ ಅವರನ್ನು ನಾನು ಮೊದಲ ಸಲ ನೋಡಿದ್ದು. ಲ್ಯಾಬಿನ ಮೆಕ್ಯಾನಿಕ್ ನಂಜುಂಡಯ್ಯ ಅವರಿಗೆ ಕುರ್ಚಿ ಹಾಕಿದರೆ, ಅವರು ಕೂರದೆ ಯಂತ್ರದ ಸುತ್ತ ಎರಡು ಸಲ ಬಂದು ಬೋಲ್ಟುಗಳನ್ನು ನೋಡಿದರು. ಒಂದು ಬೋಲ್ಟು ಸಡಿಲವಿದೆ ಎಂದು ತೋರಿಸಿದರು. ನಂಜುಂಡಯ್ಯ ಬಿಗಿ ಮಾಡಿ ಬಂದು, ಆಮೇಲಿನಿಂದ ಅವರನ್ನು ಅಕ್ಕಾ ಎಂದು ಕರೆಯತೊಡಗಿದರು.

ಮೊದಲು ಉಕ್ಕಿನ ತೊಲೆ. ನಡುವೆ ಭಾರ ಕೊಡುತ್ತಾ ಹೋದಂತೆ ಸಣ್ಣ ಬಿರುಕುಗಳು ಕಂಡವು, ಆಮೇಲೆ ತಂತಿ ಸೋತು ತೊಲೆ ಕೆಳಗೆ ಕುಸಿಯುತ್ತಾ ಹೋಯಿತು. ಭಾರ ತೆಗೆದರೂ ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಇದು ನಮಗೆಲ್ಲ ಗೊತ್ತಿದ್ದದ್ದೇ.

ಮೂರನೇ ತೊಲೆ ಬೇರೆ ರೀತಿ ನಡೆದುಕೊಂಡಿತು. ಬಿರುಕು ಬಿಟ್ಟ ಮೇಲೂ ಅದು ಸೋಲಲಿಲ್ಲ, ಭಾರ ಏರಿದಷ್ಟೂ ಬಾಗುತ್ತಾ ಹೋಯಿತು. ಉಕ್ಕಿನದಕ್ಕಿಂತ ಹೆಚ್ಚು ಬಾಗಿ, ಕೆಳಗಿನ ಬಿರುಕುಗಳು ಉಗುರು ಹಿಡಿಸುವಷ್ಟು ಅಗಲವಾದವು. ಇನ್ನೇನು ಮುರಿಯುತ್ತದೆ ಎಂದು ಎಲ್ಲರೂ ಹಿಂದೆ ಸರಿದಾಗ ಮೇಷ್ಟ್ರು ಭಾರ ಇಳಿಸಲು ಹೇಳಿದರು. ನಂಜುಂಡಯ್ಯ ಕವಾಟ ತಿರುಗಿಸಿದರು. ತೊಲೆ ನಿಧಾನವಾಗಿ ಮೇಲೆ ಎದ್ದಿತು. ಬಾಗಿದ್ದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನೆಟ್ಟಗಾಯಿತು, ಬಿರುಕುಗಳು ಮುಚ್ಚಿಕೊಂಡು ಕೂದಲೆಳೆಯಾದವು, ಕೆಲವು ಹುಡುಕಿದರೂ ಕಾಣಲಿಲ್ಲ. ಲೇಖನಗಳಲ್ಲಿ ಓದಿದ್ದೆ, ಗ್ರಾಫು ನೋಡಿದ್ದೆ. ಆದರೂ ಅಷ್ಟು ದಪ್ಪದ ಕಾಂಕ್ರೀಟು ಕಣ್ಣೆದುರಿಗೆ ಹಾಗೆ ಎದ್ದು ನಿಲ್ಲುವುದನ್ನು ನೋಡಿ ನನಗೆ ಬರೆಯಬೇಕೆನ್ನುವುದೇ ಮರೆತುಹೋಯಿತು. ಜಯಮ್ಮ ಹತ್ತಿರ ಹೋಗಿ ತೊಲೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟರು.

ಆಮೇಲೆ ಕೊನೆಯವರೆಗೂ ಭಾರ ಕೊಟ್ಟೆವು. ಇನ್ನೂ ಬಾಗಿ, ಇನ್ನೂ ಬಾಗಿ, ಇದ್ದಕ್ಕಿದ್ದಂತೆ ಒಂದು ಶಬ್ದ, ಅಷ್ಟೇ. ಎರಡು ತುಂಡು. ಧೂಳು ನಿಧಾನವಾಗಿ ಇಳಿಯಿತು.

ಮೊದಲು ಮಾತಾಡಿದ್ದು ಜಯಮ್ಮ. ಮೇಷ್ಟ್ರ ಕಡೆ ತಿರುಗಿ, "ಭಾರ ತಗುದ್ರೆ ನೆಟ್ಟಗಾಯ್ತದೆ, ಸರಿ ಸಾರ್. ಆದ್ರೆ ಇದು ಹೋಗಾಕ್ ಮುಂಚೆ, ಕೆಳಗೆ ನಿಂತಿರೋರಿಗೆ ಹೆಂಗ್ ಗೊತ್ತಾಯ್ತದೆ?" ಎಂದರು.

ಉಕ್ಕಿನ ತೊಲೆ ಸೋಲುವ ಮೊದಲು ಕುಸಿದು ಸೂಚನೆ ಕೊಡುತ್ತದೆ. ನಾರಿನದು ಸೋಲುವುದೇ ಇಲ್ಲ, ಒಮ್ಮೆಲೇ ಹರಿಯುತ್ತದೆ. ಈ ವಿಷಯದಲ್ಲಿ ಎಲ್ಲ ಕಡೆ ಎಲ್ಲರೂ ಕೇಳುತ್ತಿರುವ ಪ್ರಶ್ನೆ ಇದೇ. ನನ್ನ ವರದಿಯಲ್ಲಿ ಅದಕ್ಕೆ ಅರ್ಧ ಪುಟ ಇಟ್ಟಿದ್ದೆ. ಮೇಷ್ಟ್ರು ನನ್ನ ಕಡೆ ನೋಡಿ, ಇದಕ್ಕೆ ಒಂದು ಅಧ್ಯಾಯ ಬರೀಬೇಕು ಎಂದರು. ಮೊದಲೇ ಅಷ್ಟು ಬಾಗುವುದೇ ಒಂದು ಸೂಚನೆ ಆಗಬಹುದೇ, ಸರಳು ಹರಿಯುವ ಮೊದಲು ಮೇಲಿನ ಕಾಂಕ್ರೀಟು ಪುಡಿಯಾಗುವ ಹಾಗೆ ತೊಲೆಯನ್ನು ಅಳತೆ ಮಾಡಿದರೆ ಹೇಗೆ ಎಂದು ಅಲ್ಲೇ ಹಲಗೆಯ ಮೇಲೆ ಚಿತ್ರ ಬರೆದು ಜಯಮ್ಮನವರಿಗೆ ವಿವರಿಸಿದರು. ಅವರು ಪೂರ್ತಿ ಕೇಳಿ, ಮೇಲಿನದು ಉದುರಿದರೆ ತಲೆಯ ಮೇಲೆ ಪುಡಿ ಬೀಳುತ್ತದೆ, ಓಡಿಹೋಗಲು ಅಷ್ಟಾದರೂ ಹೊತ್ತು ಸಿಗುತ್ತದೆ, ಅದು ವಾಸಿ ಎಂದರು. ಕಾಂಕ್ರೀಟು ಕೊಂಚ ಕಡಿಮೆ ಗಟ್ಟಿಯಿದ್ದ ಆರನೇ ತೊಲೆ ಹಾಗೆಯೇ ಮುರಿಯಿತು, ಮೊದಲು ಪುಡಿ ಉದುರಿಸಿ.

ನಾಲ್ಕನೆಯದು ಬೇಗನೆ ಬಿರುಕು ಬಿಟ್ಟಿತು. ಜಾರಿದ ಅಳತೆಯಿಂದ ನಾನು ಹಾಕಿದ್ದ ಲೆಕ್ಕಕ್ಕೆ ಬಹಳ ಹತ್ತಿರದಲ್ಲೇ. ಬಿರುಕು ಎಡಗಡೆಯೇ ಮೊದಲು ಕಂಡದ್ದು. ಅಂಥ ತೊಲೆಯ ಮಾಹಿತಿ ಎಲ್ಲೂ ಹೆಚ್ಚು ಸಿಗುವುದಿಲ್ಲ, ಯಾರೂ ಬೇಕೆಂದು ಮಾಡುವುದಿಲ್ಲ, ಆದದ್ದನ್ನು ಯಾರೂ ಹೇಳುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪ್ರೊಫೆಸರು ಅರ್ಧಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಕೇಳಿದ್ದೂ ಅದರ ಬಗ್ಗೆಯೇ. ಗಡುವಿಗೆ ಒಂಬತ್ತು ದಿನ ಇರುವಂತೆ ಎಲ್ಲ ಮುಗಿಯಿತು.

ಪ್ರಬಂಧಕ್ಕೆ ರಟ್ಟು ಹಾಕಿಸಿದ ಮೇಲೆ ಒಂದು ಪ್ರತಿ ತೆಗೆದುಕೊಂಡು ಗುಬ್ಬಿಗೆ ಹೋದೆ. ಮಳೆ ಮುಗಿದು ಯಾರ್ಡಿನಲ್ಲಿ ಕೆಲಸ ಭರ್ತಿಯಾಗಿತ್ತು, ಎಲ್ಲ ಹಾಸಿನಲ್ಲೂ ತಂತಿ ಎಳೆದಿತ್ತು. ಜಯಮ್ಮ ನಲ್ಲಿಯಲ್ಲಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಇಂಗ್ಲಿಷು ಅವರಿಗೆ ಓದಲು ಬಾರದು. ಕೃತಜ್ಞತೆಯ ಪುಟದಲ್ಲಿ ಅವರ ಹೆಸರನ್ನು ಮಾತ್ರ ಕನ್ನಡದಲ್ಲೇ ಅಚ್ಚು ಹಾಕಿಸಿದ್ದೆ. ಅದನ್ನು ನೋಡಿ ಸ್ವಲ್ಪ ನಕ್ಕರು, ಅಲ್ಲಿ ನಿಲ್ಲಲಿಲ್ಲ. ಪುಟ ತಿರುಗಿಸುತ್ತಾ ಹೋಗಿ, ಆರು ಗೆರೆಗಳು ಒಟ್ಟಿಗಿರುವ ಗ್ರಾಫು ಬಂದಾಗ, ಇದರಲ್ಲಿ ನಾಲ್ಕನೇದು ಯಾವುದು ಎಂದು ಕೇಳಿದರು.

ತೋರಿಸಿದೆ. ಉಳಿದ ನಾರಿನ ತೊಲೆಗಳ ಗೆರೆಗಿಂತ ಕೆಳಗೆ, ಬೇಗನೆ ಪಕ್ಕಕ್ಕೆ ವಾಲಿದ ಗೆರೆ. ಅವರು ಅದರ ಮೇಲೆ ಬೆರಳಿಟ್ಟು ಮೊದಲಿಂದ ಕೊನೆಯವರೆಗೂ ನಿಧಾನವಾಗಿ ಎಳೆದುಕೊಂಡು ಹೋದರು.

"ಇದ್ನೂ ಹಾಕಿದ್ದೀರಲ್ಲ" ಅಂದರು. "ಹಂಗಾದ್ರೆ ಮಿಕ್ಕವ್ನೂ ನಂಬಬೋದು."

ಅಷ್ಟರಲ್ಲಿ ಲಾರಿಗೆ ಕಂಬ ಏರಿಸುತ್ತಿದ್ದವರು ಕೂಗಿದರು. ಅವರು ಪುಸ್ತಕವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟು, ಬರ್ತೀನಿ ಇರಿ ಮೇಡಂ ಎಂದು ಆ ಕಡೆ ಹೋದರು.